ಮುಚ್ಚಳ ತೆಗೆದು ಕೊಡಿ

ರಿಯಾಝ್ ತೀರಿಕೊಂಡು ಐದನೇ ದಿನ. ನೆಂಟರೆಲ್ಲ ಹೋಗಿ ಆಗಿತ್ತು. ಬಾಡಿಗೆಯ ಕುರ್ಚಿಗಳನ್ನು ಹಿಂದಿನ ಸಂಜೆಯೇ ಒಯ್ದಿದ್ದರು. ಹಾಲಿನ ಪ್ಯಾಕೆಟ್ ಎಂದಿನ ಹಾಗೆ ಗೇಟಿನಲ್ಲಿತ್ತು. ನಾನು ಮೂರು ಲೋಟ ಚಾ ಮಾಡಿದೆ. ಮನೆಯಲ್ಲಿ ಈಗ ಇಬ್ಬರೇ, ನಾನು ಮತ್ತು ರಿಯಾಝ್ ಅವರ ತಾಯಿ, ಉಮ್ಮ.

ಅಷ್ಟರಲ್ಲಿ ರಿಯಾಝ್ ಅವರ ಫೋನ್ ರಿಂಗಾಯಿತು. ಪರದೆಯ ಮೇಲೆ ‘ವಿಠಲ ಮಾಸ್ಟ್ರು’ ಎಂದಿತ್ತು.

“ರಿಯಾಝಾ, ಎಂತ ಮಾರಾಯ, ಜ್ವರವಾ? ನಾಲ್ಕು ದಿನದಿಂದ ಡೈಸಿ ಬಾಯಿಯೇ ಊಟ ತರ್ತಾರೆ. ಕೇಳಿದ್ರೆ ಮಾತು ಬದಲಾಯಿಸ್ತಾರೆ.”

“ನಾನು ಸಫಾ. ಅವರ ಹೆಂಡತಿ,” ಎಂದೆ. ಹೇಳಬೇಕಾದದ್ದನ್ನು ಒಂದೇ ವಾಕ್ಯದಲ್ಲಿ ಹೇಳಿದೆ.

ಆ ಕಡೆ ಕುರ್ಚಿ ಎಳೆದ ಸದ್ದಾಯಿತು.

“ನೀನು ಎಂತಾದ್ರೂ ತಿಂದ್ಯಾ ಮಗಾ?” ಎಂದರು ಮಾಸ್ಟ್ರು.

“ತಿಂದೆ,” ಎಂದೆ. ತಿಂದಿರಲಿಲ್ಲ.

ಮಧ್ಯಾಹ್ನ ದಾಟಿದ ಮೇಲೆ ಡೈಸಿ ಬಾಯಿ ಬಂದರು. ನರ್ಸ್ ಆಗಿ ರಿಟೈರ್ ಆದವರು. ಮಣ್ಣಗುಡ್ಡದಲ್ಲಿ ಏಳೆಂಟು ಜನರನ್ನು ಸೇರಿಸಿಕೊಂಡು, ಮನೆಯಿಂದ ಇಳಿಯಲಾಗದ ವಯಸ್ಸಾದವರಿಗೆ ಮಧ್ಯಾಹ್ನದ ಊಟ ಮುಟ್ಟಿಸುತ್ತಾರೆ. ಅಡುಗೆ ಗಿರಿಜಮ್ಮನ ಮನೆಯಲ್ಲಿ. ರಿಯಾಝ್ ಬಂದರ್‌ನ ಅಂಗಡಿಯನ್ನು ಹನ್ನೆರಡಕ್ಕೆ ಮುಚ್ಚಿ, ಸ್ಕೂಟರಿನಲ್ಲಿ ಏಳು ಮನೆಗೆ ಊಟ ಕೊಟ್ಟು ಬರುತ್ತಿದ್ದರು. ಅಷ್ಟು ನನಗೆ ಗೊತ್ತಿತ್ತು. ಹೆಚ್ಚಿಗೆ ನಾನು ಕೇಳಿರಲಿಲ್ಲ.

“ನನ್ನ ಮೊಣಗಂಟು ನೋಡಿ,” ಎಂದರು ಡೈಸಿ ಬಾಯಿ. “ಮಾಸ್ಟ್ರ ಮನೆ ಮಾಳಿಗೆಯಲ್ಲಿ, ಹದಿನೇಳು ಮೆಟ್ಟಿಲು. ಅವರು ಸೊಂಟ ಮುರಿದು ಎರಡು ವರ್ಷದಿಂದ ಕೆಳಗೆ ಇಳಿದಿಲ್ಲ. ಇನ್ನು ನಾನೂ ಹತ್ತಿದ್ರೆ ಇಳಿಯುದಿಲ್ಲ. ಆಗ ಇಬ್ಬರಿಗೂ ಊಟ ನೀವೇ ತರ್ಬೇಕು.”

ಉಮ್ಮ ನಗಲಿಲ್ಲ. “ಬಾಯೀ, ನಮಗೇ ಗಂಟಲಲ್ಲಿ ಅನ್ನ ಇಳಿಯುದಿಲ್ಲ. ಊರಿನವರ ಊಟದ ಚಿಂತೆ ನಮಗೆ ಯಾಕೆ? ಅವರಿಗೆ ಮಕ್ಕಳಿಲ್ವಾ?”

“ಕೆಲವರಿಗೆ ಇದ್ದಾರೆ. ಹನ್ನೆರಡೂವರೆಗೆ ಮಕ್ಕಳೆಲ್ಲ ಕೆಲಸದಲ್ಲಿ ಅಲ್ವಾ ಉಮ್ಮ? ಇವರು ಹಣ ಇಲ್ಲದವರಲ್ಲ. ಒಲೆಯ ಹತ್ತಿರ ನಿಲ್ಲಲಿಕ್ಕೆ ಆಗದವರು.”

ರಿಯಾಝ್ ಅವರ ತಮ್ಮ ಅಫ್ರೋಝ್ ಬಾಗಿಲಲ್ಲಿ ನಿಂತಿದ್ದ. ಪಕ್ಕದ ಮನೆ ಅವನದು. “ಸದ್ಯ ನಾನು ಕೊಡ್ತೇನೆ,” ಎಂದ. “ಒಂದು ತಿಂಗಳು. ಮತ್ತೆ ಬೇರೆ ಜನ ಹುಡುಕಿ. ಡಬ್ಬಿ ಮುಟ್ಟಿಸುದು ತಾನೇ, ಎಂತ ದೊಡ್ಡ ಕೆಲಸ?”

ಡೈಸಿ ಬಾಯಿ ನನ್ನ ಕಡೆ ತಿರುಗಿದರು. “ಎರಡು ಗಂಟೆಗೆ ಏಳು ಮನೆಗೆ ಫೋನ್ ಮಾಡ್ಬೇಕು. ಊಟ ಆಯ್ತಾ ಅಂತ ಕೇಳ್ಬೇಕು. ಅಷ್ಟೇ. ಮಾಡ್ತೀಯಾ ಸಫಾ?”

ಗಂಡ ತೀರಿಕೊಂಡರೆ ನಮ್ಮಲ್ಲಿ ಹೆಂಡತಿ ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಕೂರುತ್ತಾಳೆ. ಮನೆಯಿಂದ ಹೊರಗೆ ಹೋಗುವ ಕ್ರಮ ಇಲ್ಲ.

“ಇದ್ದತ್‌ನಲ್ಲಿ ಪರಗಂಡಸರ ಹತ್ತಿರ ಫೋನಿನಲ್ಲಿ ಮಾತಾ?” ಎಂದರು ಉಮ್ಮ.

“ಏಳರಲ್ಲಿ ಐದು ಹೆಂಗಸರು,” ಎಂದರು ಡೈಸಿ ಬಾಯಿ. “ಉಳಿದ ಇಬ್ಬರ ವಯಸ್ಸು ಸೇರಿಸಿದ್ರೆ ನೂರ ಎಪ್ಪತ್ತು.”

ಉಮ್ಮ ಒಳಗೆ ಹೋದರು. ಬೇಡ ಎನ್ನಲಿಲ್ಲ. ನಾನು ಪಟ್ಟಿ ತೆಗೆದುಕೊಂಡೆ. ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರ ಹೆಸರಿನ ಮುಂದೆ ಕೆಂಪು ಗುರುತು ಇತ್ತು. ಮೂರು ಗುರುತು. ಅದರಲ್ಲಿ ವಿಠಲ ಮಾಸ್ಟ್ರೂ ಒಬ್ಬರು.

ಮರುದಿನದಿಂದ ಕೆಲಸ ಶುರುವಾಯಿತು. ಎಲ್ಲರೂ ಫೋನಿಗೆ ಕಾಯುತ್ತಿದ್ದರು. ಎಸ್ತೆರ್ ಬಾಯಿ ಎಂಬವರಿಗೆ ಊಟಕ್ಕಿಂತ ದೂರೇ ಹೆಚ್ಚು ರುಚಿ. ಅನ್ನ ಗಟ್ಟಿ, ಸಾರು ನೀರು, ನನ್ನ ಸ್ವರ ಸಣ್ಣ. ವಿಠಲ ಮಾಸ್ಟ್ರದ್ದು ದಿನವೂ ಒಂದೇ ಮಾತು.

“ಊಟ ಆಯ್ತಾ ಮಾಸ್ಟ್ರೇ?”

“ಆಯ್ತು ಮಗಾ. ಫಸ್ಟ್ ಕ್ಲಾಸ್.”

ಅಫ್ರೋಝ್ ಕೂಡ ಅದನ್ನೇ ಹೇಳಿದ. “ಡಬ್ಬಿ ತೊಳೆದು ಫಳಫಳ ಮಾಡಿ ಇಟ್ಟಿರ್ತಾರೆ. ಒಂದು ಅಗುಳೂ ಇರುದಿಲ್ಲ.”

ಐದನೇ ದಿನ ಗಿರಿಜಮ್ಮ ಸಾಂಬಾರಿಗೆ ಉಪ್ಪು ಹಾಕಿದ್ದು ಗೊತ್ತಿಲ್ಲದೆ ಅವರ ಸೊಸೆ ಇನ್ನೊಮ್ಮೆ ಹಾಕಿದಳು. ಎರಡು ಗಂಟೆಗೆ ನನಗೆ ಕಿವಿ ತುಂಬ ಬೈಗುಳ. “ಸಮುದ್ರದ ನೀರು ತಂದು ಬೇಯಿಸಿದ್ದಾ?” ಎಂದರು ಎಸ್ತೆರ್ ಬಾಯಿ. ಆರು ಮನೆಯಲ್ಲೂ ಅದೇ. ಕೊನೆಗೆ ಮಾಸ್ಟ್ರಿಗೆ ಮಾಡಿದೆ.

“ಸಾಂಬಾರು ಹೇಗಿತ್ತು ಮಾಸ್ಟ್ರೇ?”

“ಫಸ್ಟ್... ಕ್ಲಾಸ್.” ಸ್ವರ ದಪ್ಪಗಿತ್ತು. ಎರಡು ಶಬ್ದದ ನಡುವೆ ತಡೆಯಿತ್ತು.

“ಉಪ್ಪು?”

“ಸರಿ... ಇತ್ತು.”

ಡೈಸಿ ಬಾಯಿಗೆ ಫೋನ್ ಮಾಡಿ ಹೇಳಿದಾಗ ನಕ್ಕರು. “ಮಾಸ್ಟ್ರು ಪಾಪ, ಯಾರಿಗೂ ನೋವು ಮಾಡುದಿಲ್ಲ.”

“ಬಾಯೀ,” ಎಂದೆ, “ಅವರು ಅದನ್ನು ತಿಂದೇ ಇಲ್ಲ.”

ಅವರ ನಗು ನಿಂತಿತು. “ಮಾತ್ರೆ ಮಾತ್ರ ತಗೊಂಡಿರ್ತಾರೆ. ತಿನ್ನದೆ ಆ ಮಾತ್ರೆ ನುಂಗಿದ್ರೆ ಸಕ್ಕರೆ ಇಳಿದು ಹೋಗ್ತದೆ ಸಫಾ. ಅಪಾಯ ಉಂಟು. ಎಚ್ಚರ ಇದ್ದು ನುಂಗಿದ್ರೆ ಮಾತ್ರ ಸಕ್ಕರೆ ನೀರು ಕುಡಿಸ್ಬೇಕು. ನಾನು ಹೊರಟೆ. ನನಗಿಂತ ಬೇಗ ಮುಟ್ಟುವವರನ್ನು ಕಳಿಸು.”

ಮಾಸ್ಟ್ರಿಗೆ ಪುನಃ ಫೋನ್ ಮಾಡಿದೆ. ಎತ್ತಲಿಲ್ಲ. ಅಫ್ರೋಝ್‌ಗೆ ಮಾಡಿದೆ. ಅವನು ಡಬ್ಬಿ ಹಂಚಿ ಮಣ್ಣಗುಡ್ಡದಲ್ಲೇ ಚಾ ಕುಡಿಯುತ್ತಿದ್ದ. ಹದಿನೇಳು ಮೆಟ್ಟಿಲು ಹತ್ತುವ ಸದ್ದು ನನಗೆ ಕೇಳಿಸಿತು.

“ಬಾಗಿಲು ತೆರೆದೇ ಉಂಟು ಭಾಭಿ. ಕರೆದ್ರೆ ಮಾತಿಲ್ಲ.”

“ಒಳಗೆ ಹೋಗು.”

“ಹೇಗೆ ಹೋಗ್ಲಿ? ದೇವಸ್ಥಾನದ ಭಟ್ರ ಮನೆತನ. ನಾನು ಯಾವತ್ತೂ ಹೊಸ್ತಿಲಲ್ಲೇ ಡಬ್ಬಿ ಇಟ್ಟು ಬರುದು.”

“ಅಫ್ರೋಝ್, ಒಳಗೆ ಹೋಗು!”

ನಾನು ಕಿರುಚಿದ್ದಕ್ಕೆ ಉಮ್ಮ ಓಡಿ ಬಂದರು. ನಾನು ಫೋನನ್ನು ಸ್ಪೀಕರಿಗೆ ಹಾಕಿದೆ.

ಅವನು ಹೋದ. ಮಾಸ್ಟ್ರು ಅಡುಗೆಮನೆಯ ಕುರ್ಚಿಯಲ್ಲಿ ವಾಲಿದ್ದರು. ಅಂಗಿ ಬೆವರಿನಲ್ಲಿ ಒದ್ದೆ, ಕೈ ನಡುಗುತ್ತಿದೆ. ಮೇಜಿನ ಮೇಲೆ ಡಬ್ಬಿ ಇದೆ, ಮುಚ್ಚಳ ತೆಗೆದಿಲ್ಲ. ಎಲ್ಲವನ್ನೂ ಅವನು ಹೇಳುತ್ತಾ ಹೋದ.

“ಎಚ್ಚರ ಉಂಟಾ? ಗುಟುಕು ನುಂಗ್ತಾರಾ ನೋಡು.”

“ಕಣ್ಣು ಬಿಟ್ಟಿದ್ದಾರೆ. ನುಂಗ್ತಾರೆ.”

“ನೀರಿಗೆ ನಾಲ್ಕು ಚಮಚ ಸಕ್ಕರೆ ಹಾಕಿ ಕುಡಿಸು. ನಿಧಾನಕ್ಕೆ.”

“ಸಕ್ಕರೆ ಎಲ್ಲಿ ಉಂಟು ಇಲ್ಲಿ? ಇದು ಉಪ್ಪು... ಇದು ರವೆ...”

ಉಮ್ಮ ನನ್ನ ಕೈಯಿಂದ ಫೋನ್ ಎಳೆದುಕೊಂಡರು. “ಚಾ ಪುಡಿ ಡಬ್ಬದ ಪಕ್ಕ ನೋಡೋ! ಯಾರ ಮನೆಯಲ್ಲಾದ್ರೂ ಸಕ್ಕರೆ ಅಲ್ಲೇ ಇರುದು!”

ಸಕ್ಕರೆ ಅಲ್ಲೇ ಇತ್ತು.

ಹತ್ತು ಹದಿನೈದು ನಿಮಿಷ ಕಳೆಯಿತು. ಡೈಸಿ ಬಾಯಿ ಏದುಸಿರು ಬಿಡುತ್ತಾ ಮೇಲೆ ಬಂದರು. ಬೆರಳಿಗೆ ಚುಚ್ಚಿ ಸಕ್ಕರೆ ನೋಡಿದರು. ಏರುತ್ತಿದೆ ಎಂದರು. ಸಾಂಬಾರು ಬದಿಗಿಟ್ಟು ಮಜ್ಜಿಗೆಯಲ್ಲಿ ಅನ್ನ ಕಲಸಿ ಕೊಟ್ಟರು. ಆಟೋ ಕರೆಸಿ ಡಾಕ್ಟರಲ್ಲಿಗೆ ಕರೆದುಕೊಂಡು ಹೋಗುವುದಕ್ಕೆ ಮೊದಲು ಅಫ್ರೋಝ್ ಕೇಳಿದ್ದು ನನಗೆ ಫೋನಿನಲ್ಲಿ ಕೇಳಿಸಿತು.

“ಯಾಕೆ ತಿನ್ಲಿಲ್ಲ ಮಾಸ್ಟ್ರೇ?”

“ಮುಚ್ಚಳ ತೆಗೀಲಿಕ್ಕೆ ಆಗುದಿಲ್ಲ ಮಾರಾಯ. ಕೈಗಂಟು ಬಾತದ್ದು ನೋಡು. ಬಿಸಿ ಅನ್ನ ಹಾಕಿದ ಸ್ಟೀಲ್ ಡಬ್ಬಿ ಕಚ್ಚಿಕೊಳ್ತದೆ. ಬಿಸ್ಕುಟು ತಿಂದೆ. ನೆನೆಸಿದ ಅವಲಕ್ಕಿ ತಿಂದೆ. ಇವತ್ತು ಅದೂ ಮುಗಿದಿತ್ತು.”

“ಮತ್ತೆ ಡಬ್ಬಿ ಯಾರು ತೊಳೆದದ್ದು?”

“ಬೆಳಿಗ್ಗೆ ಕಸ ಗುಡಿಸ್ಲಿಕ್ಕೆ ಬರುವವಳು. ಹಳಸಿದ್ದನ್ನು ಬಿಸಾಡಿ ತೊಳೀತಾಳೆ. ಹೊಟ್ಟೆ ಸರಿ ಇಲ್ಲ ಅಂತ ಹೇಳಿದ್ದೆ ಅವಳಿಗೆ. ತೊಳೆಯದೆ ಡಬ್ಬಿ ಹಿಂದೆ ಕೊಡುದು ಹೇಗೆ? ಮರ್ಯಾದೆ ಅಲ್ಲ.”

“ನನಗೆ ಒಂದು ಮಾತು ಹೇಳ್ಬಹುದಿತ್ತಲ್ಲ?”

“ನೀನು ಒಳಗೆ ಬರ್ಲಿಲ್ಲ. ಕರೆದ್ರೂ ಹೊಸ್ತಿಲಲ್ಲಿಟ್ಟು ಓಡ್ತಿದ್ದಿ. ನಮ್ಮ ಮನೆ ಒಳಗೆ ಬರ್ಲಿಕ್ಕೆ ನಿನಗೆ ಮನಸ್ಸಿಲ್ಲ ಅಂತ ಗ್ರಹಿಸಿದೆ.”

“ನಾನು... ನಿಮಗೆ ಮನಸ್ಸಿಲ್ಲ ಅಂತ...”

“ರಿಯಾಝ್ ಅಡುಗೆಮನೆಗೇ ಬರ್ತಿದ್ದ. ಮುಚ್ಚಳ ತೆಗೆದು, ತಟ್ಟೆಗೆ ಹಾಕಿ, ನೀರು ಇಟ್ಟು ಹೋಗ್ತಿದ್ದ. ಡೈಸಿ ಬಾಯಿಯೂ ಬಂದ ದಿನ ಬಡಿಸಿಯೇ ಹೋದ್ರು. ಅದು ಅವನು ಹೇಳಿರ್ಲಿಲ್ವಾ?”

ಹೇಳಿರಲಿಲ್ಲ. ನನಗೂ ಹೇಳಿರಲಿಲ್ಲ.

ಆ ಸಂಜೆ ಉಮ್ಮ ಒಂದು ತಟ್ಟೆಯಲ್ಲಿ ಗಂಜಿ ತಂದು ನನ್ನ ಎದುರು ಇಟ್ಟರು. ಪಕ್ಕದಲ್ಲಿ ಕೂತರು. “ತಿನ್ನು. ನಾನು ನೋಡ್ತೇನೆ,” ಎಂದರು. ನಾನು ತಿಂದೆ. ಮರುದಿನ ಎರಡು ಗಂಟೆಗೆ ಪಟ್ಟಿಯನ್ನು ಅವರೇ ಕೇಳಿ ತೆಗೆದುಕೊಂಡರು. ಈಗ ಮೂರು ಮನೆ ಉಮ್ಮನದು. ಎಸ್ತೆರ್ ಬಾಯಿಯ ದೂರುಗಳಿಗೆ ಸರಿಸಾಟಿಯಾಗಿ ಉತ್ತರ ಕೊಡುವುದು ಅವರೊಬ್ಬರೇ. ಅಫ್ರೋಝ್ ಒಂದು ತಿಂಗಳು ಎಂದಿದ್ದ. ಈಗ ನಾಲ್ಕು ತಿಂಗಳು ದಾಟಿತು.

ಇದನ್ನು ಓದುತ್ತಿರುವ ನಿಮ್ಮಲ್ಲಿ ಒಂದು ಮಾತು.

ನಿಮ್ಮ ಓಣಿಯಲ್ಲೂ ಮೆಟ್ಟಿಲು ಇಳಿಯಲಾಗದವರು ಒಬ್ಬರಿದ್ದಾರೆ. ವಾರಕ್ಕೆ ಎರಡು ದಿನ, ಒಂದು ಗಂಟೆ ಸಾಕು. ಹತ್ತಿರ ಊಟ ಮುಟ್ಟಿಸುವವರು ಇದ್ದರೆ ಅವರ ಜೊತೆ ಸೇರಿ. ಇಲ್ಲದಿದ್ದರೆ ನಿಮ್ಮ ಮನೆಯ ಅನ್ನದಿಂದಲೇ ಒಬ್ಬರಿಗೆ ಶುರು ಮಾಡಿ. ಡಬ್ಬಿಯನ್ನು ಬಾಗಿಲಲ್ಲಿ ಇಟ್ಟು ಬರಬೇಡಿ. ಕರೆಯಿರಿ, ಕಾಯಿರಿ, ಮುಖ ನೋಡಿ. ಒಳಗೆ ಬರಬಹುದಾ ಎಂದು ಬಾಯಿಬಿಟ್ಟು ಕೇಳಿ. ಅವರ ಮನಸ್ಸಿನಲ್ಲಿ ಏನಿದೆ ಎಂದು ನೀವೇ ಊಹಿಸಿಕೊಳ್ಳಬೇಡಿ. ಮುಚ್ಚಳ ತೆಗೆದು ಕೊಡಿ. ಹಿಂದಿನ ದಿನದ ಡಬ್ಬಿ ತೊಳೆಯುವುದು ಬೇಡ, ಹಾಗೇ ಕೊಡಿ ಎಂದು ಹೇಳಿ. ತಿಂದಿದ್ದಾರೋ ಇಲ್ಲವೋ ಅದರಲ್ಲೇ ಕಾಣುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಬೆವರಿ, ನಡುಗಿ, ಮಾತು ತೊದಲಿದರೆ, ಎಚ್ಚರವಿದ್ದು ನುಂಗುತ್ತಾರೆ ಎಂದಾದರೆ ಮಾತ್ರ ಸಕ್ಕರೆ ನೀರು ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಕೂಡಲೇ 108ಕ್ಕೆ ಕರೆ ಮಾಡಿ.

ನಿಮಗೆ ಮನೆಯಿಂದ ಹೊರಡಲು ಆಗುವುದಿಲ್ಲವೇ? ನನಗೂ ಆಗುತ್ತಿರಲಿಲ್ಲ. ಫೋನ್ ಮಾಡಿ. ಊಟ ಆಯಿತಾ ಎಂದು ಕೇಳಿ ಇಟ್ಟುಬಿಡಬೇಡಿ. ಪಲ್ಯ ಯಾವುದಿತ್ತು, ಉಪ್ಪು ಹೇಗಿತ್ತು, ಅದನ್ನೂ ಕೇಳಿ.

ನನ್ನ ಇದ್ದತ್ ಕಳೆದ ವಾರ ಮುಗಿಯಿತು. ರಿಯಾಝ್ ಅವರ ಸ್ಕೂಟರನ್ನು ನಾನು ಹೊರಗೆ ತೆಗೆದೆ. ಊಟದ ಚೀಲ ಇಡಲೆಂದು ಸೀಟು ಎತ್ತಿದರೆ ಕೆಳಗೆ ಒಂದು ಹಳೆಯ ಸ್ಟೀಲ್ ಚಮಚ. ಹಿಡಿ ಬಾಗಿತ್ತು. ಅದರ ಮೇಲೆ ‘ವಿಠಲ’ ಎಂದು ಹೆಸರು ಕೊರೆದಿತ್ತು.

ಡೈಸಿ ಬಾಯಿ ಕೆಳಗೆ ನಿಂತರು. ನಾನು ಹದಿನೇಳು ಮೆಟ್ಟಿಲು ಹತ್ತಿದೆ. ಒಳಗೆ ಬರಬಹುದಾ ಎಂದು ಕೇಳಿದೆ. ಮಾಸ್ಟ್ರನ್ನು ನೋಡಿದ್ದು ಅದೇ ಮೊದಲು. ಡಬ್ಬಿಯ ಮುಚ್ಚಳ ತೆಗೆದು ತಟ್ಟೆಗೆ ಬಡಿಸಿದೆ. ಆಮೇಲೆ ಚಮಚ ತೋರಿಸಿದೆ.

“ಒಂದು ದಿನಕ್ಕೆ ಅಂತ ಕೇಳಿ ತಗೊಂಡು ಹೋದದ್ದು ರಿಯಾಝ್,” ಎಂದರು. “ಎಸ್ತೆರ್ ಬಾಯಿಯ ಡಬ್ಬಿಯ ಮುಚ್ಚಳ ಎಬ್ಬಿಸ್ಲಿಕ್ಕೆ. ಅದು ನನ್ನದಕ್ಕಿಂತ ಗಟ್ಟಿಯಂತೆ.” ತಟ್ಟೆಯನ್ನು ಹತ್ತಿರ ಎಳೆದುಕೊಂಡರು. “ಈಗ ಆ ಬಾಯಿಗೆ ಯಾರು ತೆಗೆದು ಕೊಡುದು?”

“ಅಫ್ರೋಝ್. ಆ ಬಾಯಿ ಮೊದಲ ದಿನವೇ ಬೈದು ಒಳಗೆ ಕರೆದಿದ್ರು. ಒಳಗೆ ಹೋಗಿ ತೆಗೆದು ಕೊಡ್ತಾನೆ.”

“ಹಾಗಾದ್ರೆ ಸರಿ. ಕೊಡು.”

ಅವರು ಕೈ ಚಾಚಿದರು. ಚಮಚ ತೊಳೆದು, ಒರೆಸಿ, ಆ ಕೈಯಲ್ಲಿಟ್ಟೆ.