ಮೆಲ್ಲಗೆ ಕೂಗಿದ ಬಿಯರು

ಒಂದಾನೊಂದು ಫ್ರೀಜರಿನಲ್ಲಿ, ಸಾರಂಗದ ತೊಡೆಗೂ ಕಾಡ್ ಮೀನಿನ ತಲೆಗೂ ನಡುವೆ, ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂ ಒಂದು ಚೀಲ, ರಾಜಕುಮಾರಿಯ ಹಾಗೆ ಮಲಗಿತ್ತು. ಎಬ್ಬಿಸಬೇಕಾದವಳು ನಾನು. ‘ಇದರಲ್ಲಿ ನಿನಗೆ ಕ್ರಿಸ್‌ಮಸ್ ಬಿಯರು ಮಾಡಿಕೊಡುತ್ತೇನೆ’ ಎಂದು ಗುನ್ವೋರ್ ಅಜ್ಜಿಗೆ ಮಾತು ಕೊಟ್ಟು, ವರ್ಷವರ್ಷವೂ ಮುಂದಕ್ಕೆ ತಳ್ಳುತ್ತ ಬಂದಿದ್ದೆ. ಅವಳ ಗಂಡ, ತೀರಿಹೋದ ಶೂರ್ ತಾತ, ನೆಟ್ಟ ಬಳ್ಳಿಯ ಕೊನೆಯ ಹೂಗಳು ಅವು. ಬಳ್ಳಿಯನ್ನು ರಸ್ತೆ ಅಗಲ ಮಾಡುವವರು ಬೇರುಸಹಿತ ಕಿತ್ತಿದ್ದರು. ಇದು ಹಾಳಾದರೆ ಇನ್ನಿಲ್ಲ.

ಈ ಡಿಸೆಂಬರಿನಲ್ಲಿ ಫ್ರೀಜರ್ ಕೆಟ್ಟಿತು. ಮಂಜಿನ ಜೊತೆಗೆ ನನ್ನ ನೆಪಗಳೂ ಕರಗಿದವು.

ಕೆಳಮನೆಯ ಊಡ್ಲೈವ್, ನಮ್ಮ ವೋಸ್ ಊರಿಗೆಲ್ಲ ತಾನೇ ಬಿಯರು ಪಂಡಿತ ಎಂದುಕೊಂಡವನು, ಚೀಲದೊಳಗೆ ಮೂಗು ತೂರಿಸಿದ.

“ಅಯ್ಯೋ ಆಸ್ನೆ, ಇದು ಹಾಪ್ಸ್ ಅಲ್ಲ ಕಣೇ, ನಿಮ್ಮ ತಾತನ ಕಾಲುಚೀಲ!”

“ಮೊದ್ಲು ನಿನ್ನ ಮೂಗು ತೊಳ್ಕೊಂಡು ಬಾರೋ,” ಎಂದಳು ಅಜ್ಜಿ. ಗಾಳಿ ತಾಗಿ ಕಂದಿದ ಹೂಗಳನ್ನು ಆರಿಸಿ ಎಸೆದು, ಅಡಿಯದೊಂದನ್ನು ಅಂಗೈಯಲ್ಲಿ ಉಜ್ಜಿದಳು. ಹಳದಿ ಪುಡಿ ಅಂಟಿತು, ಹುಲ್ಲಿನ ವಾಸನೆ ಎದ್ದಿತು. “ಕಹಿ ಸ್ವಲ್ಪ ಇಳಿದಿದೆ, ನನ್ನ ಹಾಗೆ. ಉಳಿದಿದ್ದೆಲ್ಲ ಸುರಿದುಬಿಡು.”

ಜೂನಿಪರ್ ಪೊದೆಯ ರೆಂಬೆ ಕುದಿಸಿದ ನೀರಿನಲ್ಲಿ ಮೊಳಕೆ ಬಾರ್ಲಿ ನೆನೆಸಿ, ಬಸಿದು, ಹೂ ಹಾಕಿ ಕಾಯಿಸಿದೆವು. ಬಿಸಿ ಇಳಿದ ಮೇಲೆ ಹುದುಗು ಹಾಕುತ್ತ ಗಟ್ಟಿಯಾಗಿ ಕೂಗಬೇಕು, ಅದು ನಮ್ಮ ಕಡೆಯ ಹಳೆಯ ಪದ್ಧತಿ. ಕೂಗಿದರೇ ನೆಲದಡಿಯ ದೆವ್ವಗಳು ಓಡುವುದು, ಬಿಯರಿಗೆ ಬಲ ಬರುವುದು. ಆದರೆ ನಮ್ಮ ಅಪಾರ್ಟ್‌ಮೆಂಟಿನ ಬಾಗಿಲಲ್ಲೇ ‘ಗಲಾಟೆ ಮಾಡಬೇಡಿ’ ಎಂಬ ಫಲಕ. ಅಜ್ಜಿ ಅತ್ತ ಹೋದಾಗ ಹುದುಗು ಹಾಕಿ, ಬೆಕ್ಕನ್ನು ಕರೆದ ಹಾಗೆ “ಹೋ” ಎಂದು ಮುಗಿಸಿದೆ.

ಮರುದಿನ ಸಂಜೆಯಾದರೂ ಪೀಪಾಯಿಯಲ್ಲಿ ಒಂದು ಗುಳ್ಳೆಯಿಲ್ಲ.

“ಹೇಳಿರ್ಲಿಲ್ವಾ? ಕಾಲುಚೀಲ!” ಎಂದು ಊಡ್ಲೈವ್ ಕಾಫಿ ಹೀರಿದ.

ತಾತನ ಬಳ್ಳಿ ನನ್ನ ಕೈಯಲ್ಲೇ ಮುಗಿಯಿತಲ್ಲ!

ಅಜ್ಜಿ ನನ್ನನ್ನೇ ನೋಡಿದಳು. “ಹೆಂಗೆ ಕೂಗಿದೆ? ತೋರ್ಸು.”

ತೋರಿಸಿದೆ.

“ಇದಕ್ಕೆ ದೆವ್ವ ಓಡುತ್ತಾ? ಪಾಪದ ಹುಡುಗಿ ಅಂತ ಪಕ್ಕದಲ್ಲೇ ಬಂದು ಕೂತಿರುತ್ತೆ!”

ಪೀಪಾಯಿಗೆ ತಾತನ ಕುರಿಚರ್ಮ ಹೊದಿಸಿ, ಡಬ್ಬಿಯ ತಳದಲ್ಲಿ ಉಳಿದ ಹುದುಗಿನ ಚಕ್ಕೆಗಳನ್ನು ಉದುರಿಸಿ, ಅಜ್ಜಿ ಸೆರಗಿಲ್ಲದಿದ್ದರೂ ಸೆರಗು ಸೊಂಟಕ್ಕೆ ಸಿಕ್ಕಿಸಿದವಳಂತೆ ನಿಂತು ಕೂಗಿದಳು: “ಹೋಓಓಓಯ್!”

ಊಡ್ಲೈವ್‌ನ ಕಾಫಿ ಅವನ ಮಡಿಲಿಗೇ ಬಿತ್ತು. ಸರೋವರದಾಚೆ ನಾಯಿಗಳು ಬೊಗಳಿದವು. ಬೈಗುಳ ಕಾದು ನಾನು ಕಿವಿ ಮುಚ್ಚಿಕೊಂಡರೆ, ಮೇಲ್ಮಹಡಿಯಿಂದ ಯಾರೋ ಕೂಗಿದರು: “ಹುದುಗು ಹಾಕಿದ್ರಾ ಅಜ್ಜಿ? ನಮಗೂ ಒಂದು ಲೋಟ ಇಡ್ರೀ!”

ಬೆಳಿಗ್ಗೆ ನೊರೆ ಕುರಿಚರ್ಮವನ್ನೇ ಎತ್ತಿ ನಿಲ್ಲಿಸಿತ್ತು.

ಕ್ರಿಸ್‌ಮಸ್‌ಗೆ ಅಜ್ಜಿ ಮರದ ಬಟ್ಟಲಿನಿಂದ ಮೊದಲ ಗುಟುಕು ಕುಡಿದಳು. ನಾನು ಉಸಿರು ಹಿಡಿದೆ.

“ಶೂರ್ ಮಾಡಿದ್ದು ಇನ್ನೂ ಕಹಿ ಇರ್ತಿತ್ತು,” ಎಂದಳು. “ಮನುಷ್ಯನೂ ಹಂಗೇ ಇದ್ದ.”

ಊಡ್ಲೈವ್ ಸದ್ದಿಲ್ಲದೆ ಎರಡನೆಯ ಬಾರಿ ಲೋಟ ಚಾಚಿದ. ಅಜ್ಜಿ ಬಟ್ಟಲು ಖಾಲಿ ಮಾಡಿ ಮೇಜಿನ ಮೇಲೆ ಬೋರಲು ಹಾಕಿದಳು.

“ಆಯ್ತು ಮಗಾ. ನೀನು ಕೊಟ್ಟ ಮಾತು ತೀರ್ತು.”