ಮಗುವನ್ನು ಮುಟ್ಟದ ಕೈಗಳು

ಮಗು ಹುಟ್ಟಿ ತಿಂಗಳಾಗುತ್ತ ಬಂದರೂ ಪೇಂಟರ್ ಅದನ್ನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ. ಊರವರ ಗೋಡೆಗಳನ್ನೆಲ್ಲ ನುಣ್ಣಗೆ ಮಾಡುವವನ ಕೈಗಳೇ ಒಣಗಿ, ಹೊಟ್ಟು ಉದುರಿ, ಬೆರಳ ಸಂದಿಗಳು ಬಿರಿದು ರಕ್ತ ಜಿನುಗುತ್ತಿತ್ತು. "ಇದು ಅಂಟುಜಾಡ್ಯ ಕಣೋ, ಹಸುಗೂಸಿನ ಹತ್ರ ಸುಳೀಬೇಡ," ಎಂದು ಅವನ ತಾಯಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು. ಅವನೂ ನಂಬಿದ್ದ. ಮಗು ಅತ್ತರೆ ಕೈಗಳನ್ನು ಟವೆಲಿನಲ್ಲಿ ಸುತ್ತಿಕೊಂಡು, ತೊಟ್ಟಿಲನ್ನು ಕಾಲಿನಿಂದ ತೂಗುತ್ತಿದ್ದ.

ಬಾಣಂತಿಯನ್ನು ನೋಡಲು ಬಂದ ನರ್ಸಕ್ಕ ಮಗುವನ್ನು ಅವನತ್ತ ಚಾಚಿ, "ಅಣ್ಣಾ, ಸ್ವಲ್ಪ ಹಿಡ್ಕೊಳ್ಳಿ," ಎಂದಳು. ಅವನು ಹಿಂದೆ ಸರಿದ.

"ಬೇಡ ನರ್ಸಕ್ಕಾ. ನನ್ನ ಕೈ ಸರಿಯಿಲ್ಲ."

ನರ್ಸಕ್ಕ ಮಗುವನ್ನು ಬಾಣಂತಿಗೆ ಕೊಟ್ಟು, ಅವನ ಕೈಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ಇದಕ್ಕೆ ಏನೇನು ಹಚ್ತೀರಿ?"

"ಬಣ್ಣ ಹೋಗೋಕೆ ಥಿನ್ನರ್. ಆಮೇಲೆ ಬಟ್ಟೆ ಸೋಪಿನ ಪುಡಿ, ಸುಡೋ ನೀರು." ಒಂದು ಕ್ಷಣ ತಡವರಿಸಿದ. "ಹೊಟ್ಟು ಎದ್ದ ಕಡೆ ಸ್ಯಾಂಡ್‌ಪೇಪರ್."

"ಏನಂದ್ರಿ?"

"ಗೋಡೆ ಬಣ್ಣ ಸಿಪ್ಪೆ ಎದ್ರೆ ಹಾಗೇ ಅಲ್ವಾ ಮಾಡೋದು? ಉಜ್ಜಿದ್ರೆ ನುಣ್ಣಗಾಗುತ್ತೆ."

ಹೆಂಡತಿಗೆ ನಗು ಬಂತು. ಅದರ ಬೆನ್ನಿಗೇ ಕಣ್ಣಲ್ಲಿ ನೀರೂ ಬಂತು.

"ಚರ್ಮ ಗೋಡೆ ಅಲ್ಲಣ್ಣಾ," ಎಂದಳು ನರ್ಸಕ್ಕ. "ಅದರ ಮೇಲೆ ಎಣ್ಣೆ ಪಸೆ ಇರುತ್ತೆ. ಒಳಗಿನ ತೇವ ಕಾಯೋದು ಅದೇ. ಥಿನ್ನರ್, ಸೋಪಿನ ಪುಡಿ, ಬಿಸಿನೀರು ಎಲ್ಲ ಸೇರಿ ಅದನ್ನ ತೊಳೆದು ಹಾಕಿವೆ. ಉಜ್ಜಿದಷ್ಟೂ ಹುಣ್ಣಾಗುತ್ತೆ."

"ಮಗೂಗೆ ಅಂಟಲ್ವೇನಮ್ಮಾ?" ಬಾಗಿಲಲ್ಲಿ ನಿಂತಿದ್ದ ಪೇಂಟರನ ತಾಯಿ ಪಟ್ಟು ಬಿಡಲಿಲ್ಲ.

"ಬರೀ ಒಣಚರ್ಮ ಯಾರಿಗೂ ಅಂಟಲ್ಲ ಅಜ್ಜಿ. ಕಜ್ಜಿ, ಹುಳುಕಡ್ಡಿ ಆದ್ರೆ ಅಂಟುತ್ತೆ. ಇದು ಹಾಗೆ ಕಾಣ್ತಿಲ್ಲ. ಆದ್ರೂ ನಾಳೆನೇ ಡಾಕ್ಟರಿಗೆ ತೋರಿಸಲಿ."

ಡಾಕ್ಟರೂ ನೋಡಿ, ಇದು ಅಂಟುವುದಲ್ಲ, ಥಿನ್ನರ್ ಮಾಡಿದ ಕೆಲಸ ಎಂದರು. ಬಿರುಕುಗಳಿಗೆ ಔಷಧಿ ಬರೆದುಕೊಟ್ಟರು. ಅಂದಿನಿಂದ ಪೇಂಟರ್ ಕೈಗವಸು ಹಾಕಿ ಬಣ್ಣ ಬಳಿದ. ಕೈಗೆ ತಾಗಿದ ಬಣ್ಣವನ್ನು ಒಣಗುವ ಮುಂಚೆಯೇ ಅಡುಗೆ ಎಣ್ಣೆ ಅದ್ದಿದ ಬಟ್ಟೆಯಿಂದ ಒರೆಸಿ, ಮೈಸೋಪು, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದ. ಉಜ್ಜದೆ ಒತ್ತಿ ಒರೆಸಿ, ಹಸಿ ಆರುವ ಮೊದಲೇ ವ್ಯಾಸಲೀನ್ ಹಚ್ಚಿದ. ಬಿರುಕು ನಿಧಾನವಾಗಿ ಕೂಡಿಕೊಂಡಿತು. ಆದರೂ ಮಗುವನ್ನು ಮುಟ್ಟಲು ಧೈರ್ಯ ಬರಲಿಲ್ಲ.

ಒಂದು ಸಂಜೆ ಅವನ ತಾಯಿ ಪಕ್ಕ ಕುಳಿತು, ತಾನೇ ಆ ಅಂಗೈಗಳಿಗೆ ವ್ಯಾಸಲೀನ್ ಸವರಿದಳು. ಆಮೇಲೆ ತೊಟ್ಟಿಲಿನಿಂದ ಮಗುವನ್ನು ತಂದಳು.

"ತಗೋ. ನಿನ್ನ ದೂರ ಇಟ್ಟವಳು ನಾನೇ ಕಣಪ್ಪ."

ಮಗು ಅಪ್ಪನ ಹೆಬ್ಬೆರಳನ್ನು ಬಿಗಿಯಾಗಿ ಹಿಡಿಯಿತು. ಅವನು ಅಲ್ಲಾಡದೆ ಕುಳಿತ.

ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಕೈ ಮುಚ್ಚಿಕೊಂಡು ಕೂತಿದ್ದಾರೆಯೇ ನೋಡಿ. ಒಣಗಿದ ಚರ್ಮವನ್ನು ಕೆರೆಯಬೇಡಿ, ಉಜ್ಜಬೇಡಿ. ಅದಕ್ಕೆ ಪಸೆ ಕೊಡಿ. ರಕ್ತ, ಕೀವು ಬಂದರೆ, ತುರಿಕೆ ಹರಡಿದರೆ, ಆರೈಕೆಗೂ ಜಗ್ಗದಿದ್ದರೆ ಡಾಕ್ಟರಿಗೆ ತೋರಿಸಿ. ಗೊತ್ತಿಲ್ಲದ ರೋಗದ ಹೆಸರು ಹೇಳಿ ಯಾರನ್ನೂ ಅವರ ಮಗುವಿನಿಂದ ದೂರ ಇಡಬೇಡಿ.