ಜಗುಲಿಯ ಮದುವೆ

ನಮ್ಮಪ್ಪ ನನಗೆ ಸಮಾಧಾನಮ್ಮ ಎಂದು ಯಾವ ಭರವಸೆಯ ಮೇಲೆ ಹೆಸರಿಟ್ಟರೋ ಗೊತ್ತಿಲ್ಲ. ಕೋಪ ನನಗೆ ಯಾವಾಗಲೂ ಮೂಗಿನ ತುದಿಯಲ್ಲೇ. ಐವತ್ತೊಂಬತ್ತನೇ ಇಸವಿಯ ಡಿಸೆಂಬರಿನ ಆ ಭಾನುವಾರ ಶಿಡ್ಲಘಟ್ಟದ ನಮ್ಮ ಪುಟ್ಟ ಚರ್ಚಿಗೆ ಹೊರಟಾಗ ಕಂಕುಳಲ್ಲಿ ವೇದಪುಸ್ತಕ, ಕೈಚೀಲದಲ್ಲಿ ಯಾರಿಗೂ ಕಾಣದಂತೆ ಮಡಿಸಿಟ್ಟ ಬಿಳಿ ಸೀರೆ. ನನ್ನ ತಂಗಿ ಕರುಣಳ ಮದುವೆ ಅವತ್ತೇ ಆರಾಧನೆ ಮುಗಿದ ಮೇಲೆ ಆಗಬೇಕಿತ್ತು. ಎಲ್ಲಿ ಆಗಬೇಕು ಎನ್ನುವುದೇ ಜಗಳ.

ಕರುಣಳಿಗೂ ರೇಷ್ಮೆ ನೂಲು ತೆಗೆಯುವ ದೇವದಾನನಿಗೂ ನಿಶ್ಚಿತಾರ್ಥವಾಗಿ ವರ್ಷವಾಗಿತ್ತು. ನಡುವೆ ಅವನ ತಾಯಿ ತೀರಿಕೊಂಡು ಮದುವೆ ಮುಂದಕ್ಕೆ ಹೋಯಿತು. ಅವರಿಬ್ಬರಿಗೆ ಕಾಯಲು ಆಗಲಿಲ್ಲ. ಈಗ ಅವಳಿಗೆ ಮೂರು ತಿಂಗಳು.

ನಮ್ಮ ಕ್ರೈಸ್ತ ಸಭೆಯಲ್ಲಿ ಇಂಥ ಮದುಮಗಳಿಗೆ ಒಂದು ಕಟ್ಟಳೆ ಇತ್ತು. ಬಿಳಿ ಸೀರೆ ಇಲ್ಲ, ಗಂಟೆ ಇಲ್ಲ, ಬಲಿಪೀಠದ ಮುಂದೆ ನಿಲ್ಲುವಂತಿಲ್ಲ. ಹೊರಗೆ ಜಗುಲಿಯ ಮೇಲೆ ನಿಂತು ಎಲ್ಲರೆದುರು ತನ್ನ ಪಾಪ ಹೇಳಿಕೊಳ್ಳಬೇಕು, ಅಲ್ಲೇ ತಾಳಿ. ಗಂಡು ಏನೂ ಹೇಳಬೇಕಾಗಿರಲಿಲ್ಲ. ಸಭೆಯ ಹಿರಿಯರಾದ ಜ್ಞಾನಪ್ಪನವರು ಈ ಕಟ್ಟಳೆಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದರು. ತಿಂಗಳಿಗೊಮ್ಮೆ ಚಿಕ್ಕಬಳ್ಳಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದ ಪಾದ್ರಿ ಅಯ್ಯನವರು ಇನ್ನೂ ಚಿಕ್ಕ ವಯಸ್ಸಿನವರು, ಹಿರಿಯರ ಮಾತಿಗೆ ಎದುರು ಹೇಳುವವರಲ್ಲ.

ನಿಜ ಹೇಳುತ್ತೇನೆ, ಮೊದಲು ನಾನೂ ತಂಗಿಗೇ ಬೈದೆ. "ನಾಲ್ಕು ಮಾತು ಹೇಳ್ಬಿಡೇ, ನಿನ್ನ ಗಂಟೇನು ಹೋಗುತ್ತೆ?" ಎಂದೆ.

"ತಪ್ಪು ಮಾಡಿದೀನಿ ಕಣಕ್ಕ, ಇಲ್ಲ ಅನ್ನಲ್ಲ" ಎಂದಳು ಕರುಣ. "ಮೊಣಕಾಲೂರಿ ಅತ್ತಿದೀನಿ. ಕರ್ತರು ಕ್ಷಮಿಸಿದಾರೆ. ಅದಾದ್ಮೇಲೆ ಜ್ಞಾನಪ್ಪನೋರ ಕ್ಷಮೆ ಯಾಕೆ ಬೇಕು?"

"ಕ್ಷಮಿಸಿದಾರೆ ಅಂತ ನಿಂಗೆ ಹೆಂಗೆ ಗೊತ್ತೇ?"

"ನೀನೇ ಅಲ್ವಾ ಹೇಳ್ಕೊಟ್ಟಿದ್ದು? ಜಗುಲಿ ಮೇಲೆ ನಾನು ನಿಲ್ಲಲ್ಲ. ಒಳಗೆ ಆಗಲ್ಲ ಅಂದ್ರೆ ರಿಜಿಸ್ಟ್ರಾರ್ ಆಫೀಸಲ್ಲಿ ಮಾಡ್ಕೋತೀವಿ. ಆಮೇಲೆ ಈ ಚರ್ಚಿನ ಮೆಟ್ಟಿಲು ತುಳಿಯಲ್ಲ."

ಅವಳು ಹೇಳಿದ್ದನ್ನು ಮಾಡುವವಳೇ. ಮನೆಮನೆಗೆ ಹೋಗಿ ಹೆಂಗಸರಿಗೆ ಅಕ್ಷರ, ವೇದಪುಸ್ತಕದ ಕಥೆಗಳನ್ನು ಹೇಳಿಕೊಡುವುದೇ ನನ್ನ ಕೆಲಸ. ಅಂಥ ನನ್ನ ಸ್ವಂತ ತಂಗಿಯೇ ಸಭೆ ಬಿಟ್ಟು ಹೋದರೆ? ಎರಡು ದಿನ ಅನ್ನ ಸೇರಲಿಲ್ಲ. ಶನಿವಾರ ಸಂಜೆ ಸೀದಾ ಜ್ಞಾನಪ್ಪನವರ ಮನೆಗೆ ಹೋದೆ.

ಅವರು ದೇಹವೇ ದೇವರ ಆಲಯ ಎನ್ನುವ ಪೌಲನ ಪತ್ರ ತೆಗೆದರು. ಹಾದರದ ತಪ್ಪಿಗೆ ಜನ ಕಲ್ಲೆಸೆಯಲು ಎಳೆದು ತಂದ ಹೆಂಗಸನ್ನು ಕರ್ತರು ಉಳಿಸಿದ ಕಥೆಯನ್ನು ನಾನು ತೆಗೆದೆ. "ಇನ್ನು ಪಾಪ ಮಾಡಬೇಡ ಅಂತಾನೂ ಅಲ್ಲೇ ಹೇಳಿದಾರಲ್ಲಮ್ಮ" ಎಂದರು. "ಎಲ್ಲರೂ ಕಲ್ಲು ಬಿಸಾಕಿ ಹೋದ್ಮೇಲೆ ಹೇಳಿದ್ದು ಅಯ್ಯ" ಎಂದೆ. ಅವರ ಧ್ವನಿ ಏರಿತು, ನನ್ನದು ಅದಕ್ಕಿಂತ ಏರಿತು. ಅವರ ಹೆಂಡತಿ ಮಂಗಮ್ಮನವರು ರಾಗಿ ಮೊರ ಹಿಡಿದು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು.

ಕೊನೆಗೆ ಜ್ಞಾನಪ್ಪನವರು, "ನಾಳೆ ಪಾಠ ಓದೋ ಸರದಿ ನಿಂದೇ. ಮತ್ತಾಯನ ಮೊದಲ ಅಧ್ಯಾಯ, ಕರ್ತರ ವಂಶಾವಳಿ. ಅಲ್ಲಿರೋದು ಬಿಟ್ಟು ಒಂದು ಮಾತೂ ಜಾಸ್ತಿ ಆಡಕೂಡದು" ಎಂದರು. ಬರೀ ಹೆಸರುಗಳ ಪಟ್ಟಿ, ಇವಳೇನು ಕಿತಾಪತಿ ಮಾಡಿಯಾಳು ಎಂದುಕೊಂಡಿರಬೇಕು.

ಮನೆಗೆ ಬಂದು, ನಾಲಿಗೆ ತೊಡರದಿರಲಿ ಎಂದು ಪಟ್ಟಿಯನ್ನು ಒಮ್ಮೆ ಓದಿಕೊಂಡೆ. ಇನ್ನೊಮ್ಮೆ ಓದಿದೆ. ಕೂತಲ್ಲಿಂದ ಎದ್ದುಬಿಟ್ಟೆ! ಅದೇ ಕೈಯಲ್ಲಿ ಪೆಟ್ಟಿಗೆ ತೆಗೆದು ಅಮ್ಮನ ಬಿಳಿ ಸೀರೆ ಹೊರಗಿಟ್ಟೆ.

ಭಾನುವಾರ ಚರ್ಚು ಕಿಕ್ಕಿರಿದಿತ್ತು. ಕರುಣ ಏನು ಮಾಡುತ್ತಾಳೋ ನೋಡಲು ಎಲ್ಲರೂ ಬಂದಿದ್ದರು. ಪಾಪ ಹೇಳಿಕೊಳ್ಳುವುದು ಬೇಡ, ನಾನು ಓದುವ ಪಾಠ ಕೇಳಿ ಹೋಗು ಎಂದು ಬಲವಂತ ಮಾಡಿದ್ದಕ್ಕೆ ಅವಳು ಬಣ್ಣದ ಸೀರೆಯಲ್ಲಿ ಬಂದು ಜಗುಲಿಯ ಅಂಚಿಗೆ ನಿಂತಿದ್ದಳು, ಪಕ್ಕದಲ್ಲಿ ದೇವದಾನ. ಮಂಗಮ್ಮನವರು ಎಂದಿನಂತೆ ಬಾಗಿಲಾಚೆ, ಜಗುಲಿಯ ಮೇಲೇ ಕೂತಿದ್ದರು. ನಾನು ಚಿಂತಾಮಣಿಯಿಂದ ಇಲ್ಲಿಗೆ ಬಂದ ನಾಲ್ಕು ವರ್ಷದಲ್ಲಿ ಅವರು ಒಳಗೆ ಕೂತದ್ದನ್ನು ನೋಡಿರಲಿಲ್ಲ. ಕೇಳಿದರೆ, ಒಳಗೆ ಸೆಕೆ ಎನ್ನುತ್ತಿದ್ದರು.

ಓದಲು ಶುರು ಮಾಡಿದೆ. ಅಬ್ರಹಾಮ, ಇಸಾಕ, ಯಾಕೋಬ, ಯೂದ. ಮುಂದೆ ತಾಮಾರಳ ಹೆಸರು ಬಂತು. ಅಲ್ಲಿ ನಿಲ್ಲಿಸಿ, ತಲೆಯೆತ್ತಿ ಹೆಂಗಸರ ಕಡೆ ನೋಡಿದೆ. ಅವರಿಗೆಲ್ಲ ಆ ಕಥೆ ಹೇಳಿದವಳು ನಾನೇ.

ಸೂಲಗಿತ್ತಿ ಗಂಗುಲಮ್ಮನಿಗೆ ಹೊಳೆಯಿತು. "ಮುಸುಕು ಹಾಕ್ಕೊಂಡು ದಾರೀಲಿ ಕೂತು ಮಾವನಿಂದ ಅವಳಿ ಮಕ್ಕಳು ಹೆತ್ತೋಳಲ್ವಾ?" ಎಂದಳು, ಪಿಸುಮಾತೆಂದುಕೊಂಡು. ಇಡೀ ಚರ್ಚಿಗೆ ಕೇಳಿಸಿತು.

"ನಿಲ್ಲಿಸಬೇಡ, ಓದಮ್ಮ" ಎಂದರು ಜ್ಞಾನಪ್ಪನವರು.

"ಹೆಸರು ಕಷ್ಟ ಅಯ್ಯ, ಉಸಿರು ತಗೋತಿದೀನಿ."

ಮುಂದೆ ಓದಿದೆ. ರಾಹಾಬ್. ಮತ್ತೆ ಉಸಿರು. "ಯೆರಿಕೋ ಊರಿನ ಸೂಳೆ!" ಎಂದಿತು ಚಾಪೆಯ ಮೇಲೆ ಕೂತ ಹೆಂಗಸರ ಸಾಲು. ರೂತ್. "ಕಣದಲ್ಲಿ ಗಂಡಸಿನ ಕಾಲ ಹತ್ರ ಹೋಗಿ ಮಲಗಿದ್ಲಲ್ಲ." ಊರೀಯನ ಹೆಂಡತಿ. ಈಗ ನಾನು ನಿಲ್ಲಿಸುವ ಮೊದಲೇ, "ದಾವೀದ ಅರಸ ಕರೆಸಿಕೊಂಡಿದ್ದು ಆಯಮ್ಮನ್ನೇ!" ಎಂದು ನಾಲ್ಕಾರು ಜನ ಒಟ್ಟಿಗೆ ಅಂದರು. ಕರ್ತರ ತಾಯಿ ಮರಿಯಮ್ಮನವರ ಹೆಸರನ್ನು ಮಾತ್ರ ಎಲ್ಲೂ ನಿಲ್ಲಿಸದೆ ಓದಿದೆ. ನನ್ನ ತಂಗಿಯನ್ನು ಆ ತಾಯಿಗೆ ಹೋಲಿಸುವಷ್ಟು ತಲೆ ನನಗೆ ಕೆಟ್ಟಿರಲಿಲ್ಲ.

ಜ್ಞಾನಪ್ಪನವರು ಕೆಂಪಗಾಗಿ ಎದ್ದು ನಿಂತರು. "ಅವರ ತಪ್ಪಿಗೆ ಅವರು ಶಿಕ್ಷೆ ಅನುಭವಿಸಿರ್ತಾರೆ! ಶಿಕ್ಷೆ ಅನುಭವಿಸಿದೋರಿಗೆ ಮನಸ್ಸು ಹಗುರ ಆಗುತ್ತೆ. ಅದಕ್ಕೇ ಕಟ್ಟಳೆ!"

"ಯಾರಿಗೆ ಹಗುರ ಆಯ್ತು?"

ಧ್ವನಿ ಜಗುಲಿಯಿಂದ ಬಂತು. ಮಂಗಮ್ಮನವರು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

"ನಿಮ್ಮನ್ನೇ ಕೇಳ್ತಿರೋದು. ನಮ್ಮ ಮದುವೆ ಇದೇ ಜಗುಲಿ ಮೇಲೆ ಆಯ್ತು, ಗಂಟೆ ಇಲ್ದೆ. ನನ್ನ ಬಾಯಲ್ಲೇ ಹೇಳಿಸಿದ್ರು, ನೀವು ತಲೆ ತಗ್ಗಿಸ್ಕೊಂಡು ನಿಂತಿದ್ರಿ. ಮುಂದಿನ ಭಾನುವಾರ ನೀವು ಒಳಗೆ ಹೋಗಿ ಕೂತ್ರಿ. ನನಗೆ ಇವತ್ತಿಗೂ ಈ ಹೊಸಿಲು ದಾಟೋಕೆ ಕಾಲು ಬರಲ್ಲ. ಆ ನಾಲ್ಕು ಹೆಂಗಸರನ್ನ ಕರ್ತರು ತಮ್ಮ ಮನೆತನದ ಪಟ್ಟಿ ಒಳಗೇ ಇಟ್ಕೊಂಡವ್ರೆ. ನೀವು ನನ್ನ ಹೊರಗೆ ಬಿಟ್ರಿ."

ಈ ವಿಷಯ ನನಗೆ ಗೊತ್ತೇ ಇರಲಿಲ್ಲ. ಗೆದ್ದೆ ಎಂದು ಹಿಗ್ಗುತ್ತಿದ್ದ ನನಗೆ ನಾಚಿಕೆಯಾಯಿತು; ನಾಲ್ಕು ವರ್ಷ ಆ ಸೆಕೆಯ ಮಾತನ್ನು ನಂಬಿದ್ದೆನಲ್ಲ!

ಅಯ್ಯನವರೇ ಮೊದಲು ಬಾಯಿ ಬಿಟ್ಟರು. "ಪಾಪನಿವೇದನೆ ಎಲ್ಲರೂ ಒಟ್ಟಿಗೆ ಮಾಡೋಣ. ಮೊಣಕಾಲೂರಿ" ಎಂದರು. ಎಲ್ಲರೂ ಊರಿದೆವು. ಜಗುಲಿಯ ಮೇಲೆ ಕರುಣ, ದೇವದಾನ ಕೂಡ. ಜ್ಞಾನಪ್ಪನವರು ಎಲ್ಲರಿಗಿಂತ ಕೊನೆಗೆ ಎದ್ದರು. ಎದ್ದವರು ಯಾರ ಮುಖವನ್ನೂ ನೋಡದೆ ಹೊರಗೆ ನಡೆದರು. ಹೊರಟೇ ಹೋದರು ಎಂದುಕೊಂಡೆ.

ನಾನು ಓಡಿಹೋಗಿ ಕರುಣಳನ್ನು ಮರೆಗೆ ಕರೆದೊಯ್ದು ಅಮ್ಮನ ಬಿಳಿ ಸೀರೆ ಉಡಿಸಿ ಕರೆತಂದೆ. ಅವಳು ಮಂಗಮ್ಮನವರ ಕೈ ಹಿಡಿದು, "ಅಮ್ಮ, ಒಬ್ಬಳೇ ಹೋಗೋಕೆ ಭಯ. ಜೊತೇಲಿ ಬರ್ತೀರಾ?" ಎಂದಳು. ಮಂಗಮ್ಮನವರು ಹೊಸಿಲನ್ನು ನೋಡುತ್ತ ನಿಂತರು. ಅಷ್ಟರಲ್ಲಿ ತಲೆಯ ಮೇಲೆ ಗಂಟೆ ಢಣ್ ಎಂದಿತು. ಜ್ಞಾನಪ್ಪನವರು ಎರಡೂ ಕೈಯಲ್ಲಿ ಹಗ್ಗ ಹಿಡಿದು ಎಳೆಯುತ್ತಿದ್ದರು, ಕೆನ್ನೆಯ ಮೇಲೆ ನೀರು. ಇಬ್ಬರು ಹೆಂಗಸರೂ ಒಟ್ಟಿಗೆ ಹೊಸಿಲು ದಾಟಿದರು.

ಮದುಮಗಳು ಬಂದು ನಿಂತದ್ದಾಯಿತು, ಮದುಮಗ ಬಂದದ್ದಾಯಿತು, ಗಂಟೆ ಮಾತ್ರ ನಿಲ್ಲಲಿಲ್ಲ. ಅಯ್ಯನವರು ಪುಸ್ತಕ ತೆರೆದುಕೊಂಡು ಕಾದರು. ಕೊನೆಗೆ ನನ್ನ ಕಡೆ ಬಾಗಿ, "ಸಾಕು ಅಂತ ಹೇಳಮ್ಮ ಅವರಿಗೆ" ಎಂದರು.

ನಾನು ಏಳುವುದರಲ್ಲಿದ್ದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಮಂಗಮ್ಮನವರು ನನ್ನ ಸೆರಗು ಹಿಡಿದು ಕೂರಿಸಿದರು.

"ಹೊಡೀಲಿ ಬಿಡಮ್ಮ" ಎಂದರು. "ಮೂವತ್ತೊಂದು ವರ್ಷದ್ದು."